ಸಡಿಲವಾದ ಕಿವಿ, ಬಿಗಿಯಾದ ಕೈ

ಜಗಳೂರು ಸೀಮೆಯ ಹಿರಿಯ ರೈತನೊಬ್ಬನನ್ನು, ತಂದೆ ತೀರಿಕೊಂಡದ್ದು ಯಾವಾಗ ಎಂದು ಕೇಳಿದರೆ, "ರೋಹಿಣಿ ಮಳೆ ಕೈಕೊಟ್ಟಿತಲ್ಲ, ಆ ವರ್ಷ" ಎಂಬ ಉತ್ತರ ಬರುವುದುಂಟು. ಮಳೆಗಾಗಿ ಮುಗಿಲು ನೋಡುವ ಆ ಬಯಲುಸೀಮೆಯಲ್ಲಿ ಕಾಲವನ್ನು ಅಳೆಯುವ ಕೋಲು ಮಳೆಯ ನಕ್ಷತ್ರವೇ. ಅದೇ ಪ್ರಶ್ನೆಯನ್ನು ತುಂಗಭದ್ರೆಯ ದಂಡೆಯ ಹೊನ್ನಾಳಿಯಲ್ಲಿ ಕೇಳಿದರೆ, "ಹೊಳೆ ಗದ್ದೆಗೆ ನುಗ್ಗಿದ ವರ್ಷ" ಎಂದಾರು. ಚನ್ನಗಿರಿಯ ತೋಟದ ಮನೆಯಲ್ಲಿ, "ಅಡಿಕೆ ಕೊಯ್ಲು ಮುಗಿದ ಮೇಲೆ" ಎಂಬ ಲೆಕ್ಕ. ನ್ಯಾಮತಿಯಲ್ಲಾದರೋ ಈಚೆಗೆ, "ನಮ್ಮೂರು ತಾಲ್ಲೂಕಾಗುವುದಕ್ಕೆ ಮುಂಚೆ" ಎಂಬ ಹೊಸದೊಂದು ಗಡಿಯೂ ಏರ್ಪಟ್ಟಿದೆ.

ಈ ನಾಲ್ವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಅವರವರ ನೆಲವೇ ಅವರವರ ಪಂಚಾಂಗ. ಆದರೆ ಎದುರಿಗೆ ವಹಿಯನ್ನು ಬಿಚ್ಚಿಕೊಂಡು ಕುಳಿತ ಲೆಕ್ಕಿಗನು ರೋಹಿಣಿ ಮಳೆಯನ್ನು ವಹಿಯಲ್ಲಿ ಬರೆಯುವಂತಿಲ್ಲ. ಆತ ಬರೆಯಬೇಕಾದದ್ದು ದಿನ, ತಿಂಗಳು, ಇಸವಿ. ಹೇಳುವವನ ಮಾತು ಹೊಳೆಯಂತೆ ಹರಿದು ಬರುತ್ತದೆ. ಬರೆಯುವವನ ಅಂಕಣ ನಾಲ್ಕು ಗೆರೆಗಳ ನಡುವೆ ನಿಂತಿದೆ. ಈ ಎರಡರ ನಡುವಣ ಗೇಣುದ್ದದ ಜಾಗದಲ್ಲಿ ಎಷ್ಟೋ ಕುಟುಂಬಗಳ ಜಮೀನು ಕೈಬದಲಾಗಿದೆ, ಎಷ್ಟೋ ವ್ಯಾಜ್ಯಗಳು ಹುಟ್ಟಿವೆ.

ಇದು ಹಳ್ಳಿಯ ಕಚೇರಿಯ ತೊಡಕು ಮಾತ್ರವೆಂದು ನಗರವಾಸಿಗಳು ಭಾವಿಸಬೇಕಾಗಿಲ್ಲ. ಆ ಜಗಳೂರಿನ ರೈತನ ಮೊಮ್ಮಗನು ಬೆಂಗಳೂರಿನಲ್ಲಿ ಗಣಕಯಂತ್ರದ ಮುಂದೆ ಕುಳಿತು ತಂತ್ರಾಂಶ ಬರೆಯುವವನಾಗಿದ್ದರೆ, ದಿನಬೆಳಗಾದರೆ ಆತನೂ ಇದೇ ಪ್ರಶ್ನೆಯನ್ನು ಎದುರಿಸುತ್ತಾನೆ. ಯಂತ್ರವು ಮನುಷ್ಯನ ಮಾತನ್ನು ಎಷ್ಟು ಉದಾರವಾಗಿ ಕೇಳಿಸಿಕೊಳ್ಳಬೇಕು? ಕೇಳಿದ್ದನ್ನು ದಾಖಲೆಗೆ ಏರಿಸುವಾಗ ಎಷ್ಟು ಬಿಗಿಯಾಗಿರಬೇಕು? ಅಜ್ಜನ ಚಾವಡಿಗೂ ಮೊಮ್ಮಗನ ಯಂತ್ರಕ್ಕೂ ಪ್ರಶ್ನೆ ಒಂದೇ.

ಅಳಿಸಬಹುದಾದ ಕಡತ

ಹಿಂದೆ ಕನ್ನಡ ನಾಡಿನ ವರ್ತಕರೂ ಶಾನುಭೋಗರೂ ಲೆಕ್ಕ ಬರೆಯುತ್ತಿದ್ದ ಒಂದು ಸಾಧನವಿತ್ತು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿಟ್ಟ ಕಪ್ಪು ಹಾಳೆ ಅದು. ಬಳಪದಿಂದ ಅದರ ಮೇಲೆ ಬರೆಯುವರು. ಬೇಡವಾದರೆ ಒರೆಸಿ ಮತ್ತೆ ಬರೆಯುವರು. ಅದರ ಹೆಸರು ಕಡತ. ಶೃಂಗೇರಿ ಮಠದಲ್ಲಿ ಇಂತಹ ಕಡತಗಳು ಉಳಿದುಬಂದು ಇತಿಹಾಸಕಾರರಿಗೆ ಆಧಾರಗಳಾಗಿವೆ.

ಕಡತವು ಬರೆಯುವವನಿಗೆ ಅನುಕೂಲವಾದ ಸಾಧನ. ತಪ್ಪಿದರೆ ಅಂಗೈಯೇ ಸಾಕು. ಆದರೆ ಅಂಗೈಯಲ್ಲಿ ಒರೆಸಬಹುದಾದ ಬರಹವನ್ನು ಯಾರ ಅಂಗೈ ಬೇಕಾದರೂ ಒರೆಸಬಹುದು. ಆದುದರಿಂದಲೇ, ತಲೆಮಾರುಗಳ ಕಾಲ ನಿಲ್ಲಬೇಕಾದ ದಾನವನ್ನು ಅರಸರು ಕಡತದಲ್ಲಿ ಬಿಡದೆ ಕಲ್ಲಿನಲ್ಲಿಯೂ ತಾಮ್ರದಲ್ಲಿಯೂ ಕೊರೆಯಿಸಿದರು. ಕಲ್ಲಿನಲ್ಲಿ ಕೊರೆದದ್ದು ಸುಲಭವಾಗಿ ಅಳಿಯದು. ಆದರೆ ಕಲ್ಲಿನಲ್ಲಿ ದಿನದ ಜಮಾಖರ್ಚನ್ನು ಬರೆಯುವುದೂ ಸಾಧ್ಯವಿಲ್ಲ. ಕಡತದ ಸೌಕರ್ಯ, ಕಲ್ಲಿನ ಭದ್ರತೆ, ಇವೆರಡೂ ಒಟ್ಟಿಗೆ ಬೇಕೆಂಬುದು ದಾಖಲೆ ಇಡುವ ಎಲ್ಲರ ಹಳೆಯ ಆಸೆ. ಒರೆಸಿ ಬರೆಯಬಹುದಾಗಿದ್ದ ಆ ಹಾಳೆಯ ಹೆಸರೇ ಇಂದು ಸರ್ಕಾರಿ ಕಚೇರಿಯ ಫೈಲಿಗೆ ಸಂದಿರುವುದು ಭಾಷೆಯ ವಿನೋದ.

ಬಾಯಿಮಾತಿಗೆ ಕಾನೂನಿನ ಮನ್ನಣೆ

ವಂಶಪಾರಂಪರ್ಯವಾಗಿ ಬಂದ ಶಾನುಭೋಗಿಕೆ 1963ರಲ್ಲಿ ಮುಗಿಯಿತು. ಗ್ರಾಮ ಲೆಕ್ಕಿಗರು ಬಂದರು. ಈಗ ಅವರನ್ನು ಗ್ರಾಮ ಆಡಳಿತ ಅಧಿಕಾರಿಗಳೆನ್ನುತ್ತಾರೆ. 1964ರಲ್ಲಿ ಭೂಕಂದಾಯ ಕಾಯಿದೆ ಜಾರಿಗೆ ಬಂದಿತು. ಜಮೀನಿನ ಹಕ್ಕು ಒಬ್ಬರಿಂದ ಮತ್ತೊಬ್ಬರಿಗೆ ಹೋದಾಗ ಮಾಡಬೇಕಾದುದೇನೆಂಬುದನ್ನು ಅದರ 128 ಮತ್ತು 129ನೆಯ ಪ್ರಕರಣಗಳು ಹೇಳುತ್ತವೆ. ಕಾನೂನಿನ ಒಣ ಭಾಷೆಯಲ್ಲಿ ಅಡಗಿರುವ ವಿವೇಕವನ್ನು ಕಾಣಬಯಸುವವರು ಈ ಎರಡು ಪ್ರಕರಣಗಳನ್ನು ಓದಬೇಕು.

ವಾರಸಿನಿಂದಲೋ ವಿಭಾಗದಿಂದಲೋ ಕ್ರಯದಿಂದಲೋ ಹಕ್ಕು ಪಡೆದವರು ಮೂರು ತಿಂಗಳೊಳಗೆ ಅದನ್ನು ಗ್ರಾಮದ ಅಧಿಕಾರಿಗೆ ತಿಳಿಸಬೇಕು. ಹೇಗೆ ತಿಳಿಸಬೇಕು? ಬರಹದ ಮೂಲಕ ತಿಳಿಸಬಹುದು, ಬಾಯಿಮಾತಿನಲ್ಲಿಯೂ ತಿಳಿಸಬಹುದು. ಅಕ್ಷರ ಬಾರದ ರೈತನನ್ನು ಅರ್ಜಿಯ ನಮೂನೆಯಿಲ್ಲವೆಂದು ಹಿಂದಕ್ಕೆ ಕಳುಹಿಸಬಾರದೆಂಬುದು ಕಾಯಿದೆಯ ಉದ್ದೇಶ. ಇಲ್ಲಿ ಸರ್ಕಾರದ ಕಿವಿ ಸಡಿಲವಾಗಿದೆ. ಆದರೆ ಆ ಮಾತನ್ನು ಕೇಳಿದ ತಕ್ಷಣ ಅಧಿಕಾರಿಯು ಬರಹದಲ್ಲಿ ಸ್ವೀಕೃತಿ ಕೊಡಬೇಕು. ಹೇಳಿದ್ದು ಬಾಯಿಮಾತಾದರೂ ಕೇಳಿಸಿಕೊಂಡದ್ದಕ್ಕೆ ಕಾಗದದ ಗುರುತಿರಬೇಕು.

ಅಲ್ಲಿಂದ ಮುಂದೆ ಕೈ ಬಿಗಿಯಾಗುತ್ತದೆ. ವರದಿಯು ನೇರವಾಗಿ ಪಹಣಿಗೆ ಹೋಗುವುದಿಲ್ಲ. ಮೊದಲು ಹಕ್ಕು ಬದಲಾವಣೆಯ ವಹಿಗೆ, ಅಂದರೆ ಜನ ಮ್ಯುಟೇಷನ್ ರಿಜಿಸ್ಟರ್ ಎನ್ನುವ ಪುಸ್ತಕಕ್ಕೆ, ಬರುತ್ತದೆ. ಆ ನಮೂದಿನ ಪೂರ್ಣ ಪ್ರತಿಯನ್ನು ಚಾವಡಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಬೇಕು. ಆ ಜಮೀನಿನಲ್ಲಿ ಸಂಬಂಧವುಳ್ಳವರೆಂದು ದಾಖಲೆಗಳಿಂದ ಕಂಡುಬರುವವರಿಗೆಲ್ಲ ಬರಹದ ತಿಳಿವಳಿಕೆ ಕೊಡಬೇಕು. ತಕರಾರು ಬಂದರೆ ಅದಕ್ಕೆ ಬೇರೆಯೇ ವಹಿ. ಬಳಿಕ ಮೇಲಿನ ಅಧಿಕಾರಿಯು ಪರಿಶೀಲಿಸಿ ದೃಢೀಕರಿಸಬೇಕು. ಇಷ್ಟು ಬಾಗಿಲುಗಳನ್ನು ದಾಟಿದ ಮೇಲೆಯೇ ಪಹಣಿಯಲ್ಲಿ ಹೆಸರು ಬದಲಾಗುವುದು. ಆಗಲೂ ಹೊಸ ಹೆಸರು ಯಾವ ಆಧಾರದಿಂದ ಬಂದಿತೆಂಬುದನ್ನು ತೋರಿಸುವ 'ಎಂ.ಆರ್.' ಸಂಖ್ಯೆಯೊಂದು ಪಹಣಿಯಲ್ಲಿ ನಿಲ್ಲುತ್ತದೆ. ಆ ಸಂಖ್ಯೆಯನ್ನು ಹಿಡಿದು ಹಿಂದೆ ಹಿಂದೆ ನಡೆದರೆ ಅಪ್ಪ, ಅಜ್ಜ, ಮುತ್ತಜ್ಜರ ಕಾಲಕ್ಕೆ ತಲುಪಬಹುದು.

ಸಡಿಲವಾದ ಕಿವಿಗೂ ಬಿಗಿಯಾದ ಕೈಗೂ ನಡುವೆ ಚಾವಡಿಯ ಗೋಡೆಯಿದೆಯೆಂಬುದನ್ನು ಓದುಗರು ಗಮನಿಸಬೇಕು. "ನೀನು ಹೇಳಿದ್ದನ್ನು ನಾನು ಹೀಗೆ ತಿಳಿದಿದ್ದೇನೆ, ಸರಿಯೇ?" ಎಂದು ಊರಿನ ಎದುರಿಗೆ ಓದಿಹೇಳುವ ಘಟ್ಟ ಅದು. ಕಾಯಿದೆಯ ಪ್ರಾಣವಿರುವುದು ಅಲ್ಲಿಯೇ.

"ಇಬ್ಬರೇ ಮಕ್ಕಳು, ಸ್ವಾಮಿ"

ಓದಿಹೇಳುವುದರಲ್ಲಿ ಏನಡಗಿದೆ ಎಂಬುದಕ್ಕೆ ಯಾವ ನಾಡಕಚೇರಿಯಲ್ಲಾದರೂ ನಡೆಯಬಹುದಾದ ಒಂದು ಸಂಭಾಷಣೆಯನ್ನು ಊಹಿಸಿಕೊಳ್ಳಬಹುದು. ತಂದೆ ತೀರಿಕೊಂಡಿದ್ದಾರೆ. ಹಿರಿಯ ಮಗ ಪೌತಿ ಖಾತೆಗಾಗಿ ಬಂದಿದ್ದಾನೆ.

"ಯಜಮಾನರಿಗೆ ಎಷ್ಟು ಜನ ಮಕ್ಕಳು?"

"ಇಬ್ಬರೇ ಸ್ವಾಮಿ. ನಾನು, ನನ್ನ ತಮ್ಮ."

"ಅಕ್ಕತಂಗಿಯರು?"

"ಒಬ್ಬಳು ಅಕ್ಕ ಇದಾಳೆ. ಲಗ್ನ ಮಾಡಿ ಕೊಟ್ಟೀವಲ್ಲ, ಬೆಂಗಳೂರಲ್ಲಿದಾಳೆ."

ಹಿರಿಯ ಮಗನು ಮೋಸ ಮಾಡಬೇಕೆಂದೇ ಹಾಗೆ ಹೇಳಿದನೆಂದು ತಿಳಿಯಬೇಕಾಗಿಲ್ಲ. ಆತನ ಮಾತಿನ ರೂಢಿಯಲ್ಲಿ 'ಮಕ್ಕಳು' ಎಂದರೆ ಮನೆಯಲ್ಲಿ ಉಳಿದ ಗಂಡುಮಕ್ಕಳು. ಆದರೆ ಕಾನೂನಿನ ನಿಘಂಟು ಬೇರೆ. ಕರ್ನಾಟಕವು 1994ರ ಜುಲೈ 30ರಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು; ಆ ದಿನಕ್ಕೆ ಮೊದಲೇ ಮದುವೆಯಾದವರು ಮಾತ್ರ ಹೊರಗುಳಿದರು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಮದುವೆಯ ಆ ಭೇದವನ್ನೂ ತೆಗೆದುಹಾಕಿತು. ಲೆಕ್ಕಿಗನು ಎರಡನೆಯ ಪ್ರಶ್ನೆಯನ್ನು ಕೇಳದೆ, 'ಇಬ್ಬರು' ಎಂಬುದನ್ನೇ ನಂಬಿ ಬರೆದುಬಿಟ್ಟಿದ್ದರೆ ಏನಾಗುತ್ತಿತ್ತು? ದಾಖಲೆಯಿಂದ ಕಂಡುಬರುವವರಿಗೆ ತಿಳಿವಳಿಕೆ ಹೋಗುತ್ತದೆ. ಅಕ್ಕನ ಹೆಸರು ದಾಖಲೆಯಲ್ಲಿಯೇ ಇಲ್ಲ. ಚಾವಡಿಯ ಗೋಡೆಯ ಮೇಲಿನ ಕಾಗದವನ್ನು ಓದಲು ಆಕೆ ಊರಿನಲ್ಲಿಯೂ ಇಲ್ಲ. ತಕರಾರು ಬರಲಿಲ್ಲವೆಂದು ನಮೂದು ದೃಢವಾಗುತ್ತದೆ. ಹೀಗೆ ದೃಢೀಕೃತವಾದ ನಮೂದನ್ನು, ವಿರುದ್ಧವಾದದ್ದು ರುಜುವಾತಾಗುವವರೆಗೆ, ನಿಜವೆಂದೇ ಭಾವಿಸಬೇಕೆಂದು ಅದೇ ಕಾಯಿದೆಯ 133ನೆಯ ಪ್ರಕರಣ ಹೇಳುತ್ತದೆ. ರುಜುವಾತುಪಡಿಸುವ ಭಾರ ಇನ್ನು ಅಕ್ಕನ ತಲೆಯ ಮೇಲೆ.

ಇಲ್ಲಿ ಕಿವಿ ಉದಾರವಾಗಿತ್ತು, ಕೈಯೂ ನಿಯಮಬದ್ಧವಾಗಿತ್ತು. ಆದರೂ ಅನ್ಯಾಯ ನಡೆಯಿತು. ಕಾರಣವೇನು? ಕೇಳಿದ್ದಕ್ಕೂ ಬರೆದದ್ದಕ್ಕೂ ನಡುವೆ ಒಂದು ಊಹೆ ಸದ್ದಿಲ್ಲದೆ ನುಸುಳಿತು. ಉದಾರವಾದ ಕಿವಿಯ ಅಪಾಯವೇ ಅದು: ಅಸ್ಪಷ್ಟವಾದುದನ್ನು ಅರ್ಥಮಾಡಿಕೊಳ್ಳಬೇಕಾದರೆ ಊಹಿಸಲೇಬೇಕು. ಊಹಿಸುವುದು ತಪ್ಪಲ್ಲ, ಊಹಿಸಿದ್ದನ್ನು ಹೇಳದಿರುವುದು ತಪ್ಪು.

ಒಂದೇ ನೆಲಕ್ಕೆ ನಾಲ್ಕು ವಿಳಾಸ

ನ್ಯಾಮತಿಯ ಸುತ್ತಿನ ಒಂದು ತುಂಡು ಹೊಲದ ಕಾಗದಗಳನ್ನು ಕ್ರಮವಾಗಿ ಜೋಡಿಸಿದರೆ ಮತ್ತೊಂದು ತೊಡಕು ಕಾಣುತ್ತದೆ. 1965ರ ಪತ್ರದಲ್ಲಿ ಆ ಹೊಲವು ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿನಲ್ಲಿದೆ. 1973ರ ನವೆಂಬರ್ 1ರಿಂದ ರಾಜ್ಯದ ಹೆಸರು ಕರ್ನಾಟಕ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚಿತವಾದಾಗ ಹೊನ್ನಾಳಿ ಮತ್ತು ಚನ್ನಗಿರಿಗಳು ಶಿವಮೊಗ್ಗದಿಂದಲೂ, ಜಗಳೂರು ಚಿತ್ರದುರ್ಗದಿಂದಲೂ ಹೊಸ ಜಿಲ್ಲೆಗೆ ಬಂದವು. 2017ರ ಮುಂಗಡಪತ್ರದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ನ್ಯಾಮತಿಯೂ ಸೇರಿತು. ಹೊಲ ಗೇಣಷ್ಟೂ ಕದಲಲಿಲ್ಲ. ವಿಳಾಸ ಮೂರು ಬಾರಿ ಬದಲಾಯಿತು.

ಈಗ ಆ ಹೊಲದ ವಾರಸುದಾರನು ಹಳೆಯ ಪತ್ರವನ್ನು ಹಿಡಿದುಕೊಂಡು ಬಂದು, "ಶಿವಮೊಗ್ಗ ಜಿಲ್ಲೆ, ಹೊನ್ನಾಳಿ ತಾಲ್ಲೂಕು" ಎಂದು ಕೇಳಿದರೆ ಕಚೇರಿ ಏನು ಮಾಡಬೇಕು? ಅಂತಹ ತಾಲ್ಲೂಕು ಆ ಜಿಲ್ಲೆಯಲ್ಲಿಲ್ಲವೆಂದು ಬಾಗಿಲು ಮುಚ್ಚುವುದು ಮೂರ್ಖತನ. ಹಳೆಯ ಹೆಸರಿನಿಂದ ಕೇಳಿದರೂ ಹೊಸ ಹೆಸರಿನಿಂದ ಕೇಳಿದರೂ ದಾರಿ ತೋರಿಸಬೇಕು. ಅಷ್ಟೇ ಮುಖ್ಯವಾದುದು ಮತ್ತೊಂದಿದೆ. ಹೊಸ ಜಿಲ್ಲೆಯಾಯಿತೆಂದು ಹಳೆಯ ಪತ್ರದ ಮೇಲೆ 'ಶಿವಮೊಗ್ಗ' ಎಂಬುದನ್ನು ಹೊಡೆದು 'ದಾವಣಗೆರೆ' ಎಂದು ತಿದ್ದಕೂಡದು. ಬರೆದ ದಿನ ಅದು ಶಿವಮೊಗ್ಗವೇ ಆಗಿತ್ತು. ಹುಡುಕುವಾಗ ಎಲ್ಲ ಹೆಸರುಗಳೂ ಸಲ್ಲಬೇಕು, ಹಳೆಯ ಬರಹ ಮಾತ್ರ ಇದ್ದಂತೆಯೇ ಇರಬೇಕು, ಹೊಸ ಸಂಗತಿ ಹೊಸ ಸಾಲಾಗಿ ಬರಬೇಕು.

ಮೊಮ್ಮಗನ ವಹಿ

ಇನ್ನು ಬೆಂಗಳೂರಿನ ಮೊಮ್ಮಗನ ಕಡೆಗೆ ಹೊರಳಬಹುದು. ಒಂದು ದೊಡ್ಡ ತಂತ್ರಾಂಶವನ್ನು ನೂರಾರು ಜನ ಕೂಡಿ ಬರೆಯುತ್ತಾರೆ. ಒಬ್ಬನು ಬೆಳಗ್ಗೆ ತಿದ್ದಿದ ಸಾಲನ್ನು ಮತ್ತೊಬ್ಬನು ಮಧ್ಯಾಹ್ನ ತಿದ್ದುತ್ತಾನೆ. ಯಾರು, ಯಾವಾಗ, ಏನನ್ನು ಬದಲಿಸಿದರೆಂಬ ಲೆಕ್ಕವಿಲ್ಲದಿದ್ದರೆ ಎಲ್ಲವೂ ಗೋಜಲಾಗುತ್ತದೆ. ಈ ಲೆಕ್ಕವನ್ನು ಇಡುವ ತಂತ್ರಾಂಶಕ್ಕೆ ಆವೃತ್ತಿ ನಿಯಂತ್ರಣ ತಂತ್ರಾಂಶವೆಂದು ಹೆಸರು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1972ರಲ್ಲಿಯೇ ಇಂತಹದೊಂದು ರೂಪುಗೊಂಡಿತ್ತು. ಇಂದು ಜಗತ್ತಿನಲ್ಲೆಲ್ಲ ಹರಡಿರುವ 'ಗಿಟ್' ಎಂಬುದನ್ನು ಫಿನ್ಲೆಂಡಿನವನಾದ ಲೀನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲಿನಲ್ಲಿ ಬರೆಯತೊಡಗಿದ. ಅದನ್ನು ತಂತ್ರಾಂಶದ ಮ್ಯುಟೇಷನ್ ರಿಜಿಸ್ಟರ್ ಎನ್ನಬಹುದು. ಪ್ರತಿಯೊಂದು ನಮೂದೂ ತನಗಿಂತ ಹಿಂದಿನ ನಮೂದಿನ ಗುರುತನ್ನು ಒಳಗಿಟ್ಟುಕೊಂಡಿರುತ್ತದೆ, ಪಹಣಿಯ ಎಂ.ಆರ್. ಸಂಖ್ಯೆಯಂತೆ.

ಗಿಟ್‌ನ ಕಿವಿ ಬಹಳ ಸಡಿಲ. ಪ್ರತಿ ನಮೂದಿಗೂ ಸಾಮಾನ್ಯವಾಗಿ 40 ಅಕ್ಷರ-ಅಂಕಿಗಳ ಉದ್ದದ ಹೆಸರಿದ್ದರೂ ಮೊದಲಿನ ನಾಲ್ಕಾರನ್ನು ಹೇಳಿದರೆ ಸಾಕು, ಅದು ಗುರುತಿಸುತ್ತದೆ. 'ನಿನ್ನೆಯಿಂದ', 'ಎರಡು ವಾರದ ಹಿಂದಿನಿಂದ' ಎಂಬರ್ಥದ ಇಂಗ್ಲಿಷ್ ಮಾತುಗಳನ್ನು ಹೇಳಿ ಹಳೆಯ ನಮೂದುಗಳನ್ನು ತೋರಿಸೆಂದರೆ ತೋರಿಸುತ್ತದೆ. 'ಚಹಾ' ಎಂಬ ಪದವನ್ನು ಇಂಗ್ಲಿಷಿನಲ್ಲಿ ಹೇಳಿದರೆ ಸಂಜೆ 5 ಗಂಟೆಯೆಂದು ತಿಳಿಯುವಷ್ಟು ರಸಿಕತೆಯೂ ಅದಕ್ಕಿದೆ. ಏನೂ ಅರ್ಥವಾಗದಿದ್ದರೆ 'ಈಗ' ಎಂದುಕೊಂಡು ಸುಮ್ಮನಾಗುತ್ತದೆ. ನೋಡುವ ಕೆಲಸದಲ್ಲಿ ಈ ಔದಾರ್ಯದಿಂದ ಹೆಚ್ಚಿನ ಕೇಡಿಲ್ಲ. ತಪ್ಪು ಪುಟ ತೆರೆದರೆ ಮುಚ್ಚಿ ಮತ್ತೊಂದನ್ನು ತೆರೆದರಾಯಿತು.

ಬರೆಯುವ ಹೊತ್ತಿಗೆ ಅದರ ಕೈ ಬಿಗಿಯಾಗುತ್ತದೆ. ಕಿರಿದುಮಾಡಿದ ಹೆಸರು ಎರಡು ನಮೂದುಗಳಿಗೆ ಹೊಂದಿದರೆ ತಾನೇ ಒಂದನ್ನು ಆರಿಸದೆ ನಿಂತುಬಿಡುತ್ತದೆ. ಎಲ್ಲರಿಗೂ ಸೇರಿದ ವಹಿಯಲ್ಲಿ ಈ ನಡುವೆ ಬೇರೆಯವರು ಏನಾದರೂ ಬರೆದಿದ್ದರೆ, ಅದನ್ನು ನೋಡದೆ ಮೇಲೆ ಬರೆಯಲು ಹೊರಟವನನ್ನು ತಡೆಯುತ್ತದೆ: "ಮೊದಲು ಅವರು ಬರೆದದ್ದನ್ನು ತೆಗೆದುಕೊಂಡು ಬಾ". ಒತ್ತಾಯದಿಂದ ಬರೆಯುವ ದಾರಿಯೂ ಇದೆ. ಆದರೆ ಅಂತಹ ಒತ್ತಾಯಕ್ಕೂ, "ವಹಿ ನಾನು ಕೊನೆಯಲ್ಲಿ ಕಂಡಂತೆಯೇ ಇದ್ದರೆ ಮಾತ್ರ" ಎಂಬ ಷರತ್ತನ್ನು ಜೋಡಿಸುವ ವ್ಯವಸ್ಥೆಯನ್ನು 2013ರಲ್ಲಿ ಸೇರಿಸಲಾಯಿತು. ಕೈತಪ್ಪಿ ಕಳೆದುಹೋಯಿತೆಂದುಕೊಂಡ ನಮೂದಿನ ಸುಳಿವನ್ನು ಕೂಡ ಅದು ಕೆಲವು ವಾರಗಳ ಕಾಲ ತನ್ನಲ್ಲಿ ಉಳಿಸಿಕೊಂಡಿರುತ್ತದೆ.

ಜೂನ್ 5 ಮೇ 6 ಆದಾಗ

ಎಲ್ಲಕ್ಕಿಂತ ಸ್ವಾರಸ್ಯವಾದುದು ದಿನಾಂಕದ ಸಂಗತಿ. ನಮೂದನ್ನು ಬರೆಯುವಾಗ ಅದರ ಮೇಲೆ ಬೇರೆ ದಿನಾಂಕವನ್ನು ಹಾಕಬೇಕಾದ ಸಂದರ್ಭಗಳು ಬರುತ್ತವೆ. ಬಹುಕಾಲ ಗಿಟ್ ಇಲ್ಲಿ ಕಟ್ಟುನಿಟ್ಟಾದ ರೂಪದ ದಿನಾಂಕವನ್ನು ಮಾತ್ರ ಒಪ್ಪುತ್ತಿತ್ತು. ನೋಡುವಾಗ 'ಎರಡು ದಿನದ ಹಿಂದೆ' ಎಂಬುದನ್ನು ಅರ್ಥಮಾಡಿಕೊಳ್ಳುತ್ತಿದ್ದ ಯಂತ್ರವು ಬರೆಯುವಾಗ ಅದೇ ಮಾತನ್ನು ತಿರಸ್ಕರಿಸುತ್ತಿತ್ತು. ಬಳಸುವವರಿಗೆ ಇದು ಹಟಮಾರಿತನವೆನಿಸಿತು. ಬರೆಯುವವರ ಭಯವೂ ನಿರಾಧಾರವಾದುದಲ್ಲ: ಊಹೆಯ ದಿನಾಂಕ ಶಾಶ್ವತ ದಾಖಲೆಯಾಗಿಬಿಟ್ಟರೆ?

2014ರಲ್ಲಿ ಒಂದು ಮಧ್ಯಮಾರ್ಗ ಸಿಕ್ಕಿತು. ಬರೆಯುವಾಗಲೂ ಸಡಿಲವಾದ ಮಾತನ್ನು ಕೇಳಿಸಿಕೊಳ್ಳುವುದು. ಏನೂ ಅರ್ಥವಾಗದ ಮಾತಾದರೆ 'ಈಗ' ಎಂದುಕೊಳ್ಳದೆ ತಿರಸ್ಕರಿಸುವುದು. ಅರ್ಥವಾದರೆ, ತಾನು ತಿಳಿದುಕೊಂಡ ದಿನಾಂಕ ಇದೆಂದು ಬರೆದವನ ಕಣ್ಣೆದುರು ತೋರಿಸುವುದು. ಚಾವಡಿಯ ಗೋಡೆಯ ಕೆಲಸವನ್ನು ಯಂತ್ರವು ಒಂದು ಸಾಲಿನಲ್ಲಿ ಮಾಡತೊಡಗಿತು.

ಆ ಒಂದು ಸಾಲನ್ನು ಓದದಿದ್ದರೆ ಏನಾಗುತ್ತದೆಂಬುದನ್ನು ಕನ್ನಡಿಗರು ವಿಶೇಷವಾಗಿ ತಿಳಿದಿರಬೇಕು. ನಮ್ಮಲ್ಲಿ 5/6/2023 ಎಂದರೆ ಜೂನ್ 5. ಓರೆಗೆರೆ ಹಾಕಿ ಬರೆದ ಈ ದಿನಾಂಕವನ್ನು ಗಿಟ್ ಅಮೆರಿಕದ ಪದ್ಧತಿಯಂತೆ ಮೊದಲು ತಿಂಗಳು, ಆಮೇಲೆ ದಿನವೆಂದು ಓದುತ್ತದೆ. ಜೂನ್ 5 ಮೇ 6 ಆಗುತ್ತದೆ. 13/6/2023 ಎಂದು ಬರೆದರೋ, ಹದಿಮೂರನೆಯ ತಿಂಗಳು ಇಲ್ಲವಾದ್ದರಿಂದ, ಸರಿಯಾಗಿ ಜೂನ್ 13 ಎಂದು ತಿಳಿಯುತ್ತದೆ. ಅಂದರೆ ಒಬ್ಬನೇ ಮನುಷ್ಯ ಒಂದೇ ರೀತಿಯಲ್ಲಿ ಬರೆದ ದಿನಾಂಕಗಳಲ್ಲಿ ತಿಂಗಳ ಮೊದಲ ಹನ್ನೆರಡು ದಿನಗಳದ್ದು ಹೆಚ್ಚಾಗಿ ತಪ್ಪು, ಉಳಿದದ್ದೆಲ್ಲ ಸರಿ. ಎಲ್ಲವೂ ತಪ್ಪಾಗಿದ್ದರೆ ಬೇಗನೆ ಸಿಕ್ಕಿಬೀಳುತ್ತಿತ್ತು. ಅರ್ಧ ಸರಿಯಾದ ತಪ್ಪು ವರ್ಷಗಳ ಕಾಲ ಕಣ್ಣುತಪ್ಪಿಸಿಕೊಂಡಿರಬಲ್ಲದು. ಅದೇ ದಿನಾಂಕವನ್ನು ಚುಕ್ಕೆಗಳಿಟ್ಟು 5.6.2023 ಎಂದು ಬರೆದರೆ ಯಂತ್ರವು ಯುರೋಪಿನ ಪದ್ಧತಿಯಂತೆ ಜೂನ್ 5 ಎಂದೇ ಓದುತ್ತದೆ. ಓರೆಗೆರೆಗೂ ಚುಕ್ಕೆಗೂ ಒಂದು ತಿಂಗಳ ಅಂತರ!

ಪಡೆಯುವಾಗ ಉದಾರಿಯಾಗಿರು, ಕೊಡುವಾಗ ನಿಷ್ಠುರನಾಗಿರು ಎಂಬ ನೀತಿಯನ್ನು ಗಣಕಯಂತ್ರಗಳ ಸಂಪರ್ಕಜಾಲವನ್ನು ರೂಪಿಸಿದವರಲ್ಲಿ ಒಬ್ಬನಾದ ಜಾನ್ ಪೋಸ್ಟೆಲ್ 1980ರಲ್ಲಿ ಮುಂದಿಟ್ಟ. ಬಹುಕಾಲ ಅದು ವೇದವಾಕ್ಯವಾಗಿತ್ತು. ತಪ್ಪನ್ನು ಮೌನವಾಗಿ ಸಹಿಸಿಕೊಂಡರೆ ತಪ್ಪೇ ರೂಢಿಯಾಗಿ ಬೇರೂರುತ್ತದೆಂಬ ಎಚ್ಚರಿಕೆಯ ಮಾತುಗಳು ಆ ಕ್ಷೇತ್ರದಿಂದಲೇ ಈಚೆಗೆ ಕೇಳಿಬಂದಿವೆ. ಇಬ್ಬರ ಮಾತಿನಲ್ಲಿಯೂ ಹುರುಳಿದೆ. ಕೇಡಿನ ಬೇರು ಔದಾರ್ಯದಲ್ಲಿಲ್ಲ, ಮೌನದಲ್ಲಿದೆ.

ಬಿಗಿಯೇ ಹೆಚ್ಚಾದರೆ

ಹಾಗಾದರೆ ಎಲ್ಲವನ್ನೂ ಬಿಗಿಮಾಡಿಬಿಟ್ಟರೆ ಆಗದೇ ಎಂದು ಕೇಳುವವರಿದ್ದಾರೆ. ಕರ್ನಾಟಕದ 'ಭೂಮಿ' ಯೋಜನೆಯ ಅನುಭವದಲ್ಲಿ ಇದಕ್ಕೆ ಉತ್ತರವಿದೆ. ಈ ಶತಮಾನದ ಆರಂಭದಲ್ಲಿ ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಲಾಯಿತು; ಅವು ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದವು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ದಾಖಲೆಯನ್ನು ಬದಲಿಸುವ ನೌಕರನು ಬೆರಳಚ್ಚು ಕೊಟ್ಟೇ ಯಂತ್ರದೊಳಗೆ ಹೋಗಬೇಕಾಯಿತು. ಯಾರ ಕೈ ಯಾವಾಗ ಏನು ಬರೆಯಿತೆಂಬುದು ಗೊತ್ತಾಗುವಂತಾಯಿತು. ಪಹಣಿಗಾಗಿ ದಿನಗಟ್ಟಲೆ ಕಾಯುತ್ತಿದ್ದ ರೈತನು 15 ರೂಪಾಯಿ ಕೊಟ್ಟು ಕೌಂಟರಿನಲ್ಲಿಯೇ ಪ್ರತಿ ಪಡೆದ. ಇದು ದೊಡ್ಡ ಉಪಕಾರ.

ಆದರೆ ಏರಿಸಿದ್ದು ಕೈಬರಹದ ದಾಖಲೆಗಳನ್ನು. ಅವುಗಳಲ್ಲಿದ್ದ ತಪ್ಪೂ, ಏರಿಸುವಾಗ ಆದ ತಪ್ಪೂ, ಬಿಗಿಯಾದ ಪೆಟ್ಟಿಗೆಯೊಳಗೆ ಸೇರಿಕೊಂಡವು. ಒಂದು ಕಾಗದದಲ್ಲಿ 'ಬಸಪ್ಪ ಬಿನ್ ಹನುಮಂತಪ್ಪ' ಎಂದಿದ್ದವನು ಮತ್ತೊಂದರಲ್ಲಿ 'ಬಸವರಾಜಪ್ಪ' ಆಗಿರುವುದು ನಮ್ಮ ನಾಡಿನಲ್ಲಿ ಸಾಮಾನ್ಯ. ಊರಿನವರಿಗೆ ಇಬ್ಬರೂ ಒಬ್ಬನೇ, ಯಂತ್ರಕ್ಕೆ ಇಬ್ಬರು. ಪಹಣಿಯ ತಪ್ಪುಗಳನ್ನು ತಿದ್ದಲೆಂದೇ ಕಂದಾಯ ಅದಾಲತ್ತುಗಳನ್ನು ನಡೆಸಬೇಕಾಯಿತು. ತೀರಿಕೊಂಡವರ ಹೆಸರಿನಲ್ಲಿಯೇ ಉಳಿದ ಜಮೀನುಗಳಿಗಾಗಿ ಪೌತಿ ಖಾತೆ ಆಂದೋಲನಗಳನ್ನು ಹಮ್ಮಿಕೊಳ್ಳಬೇಕಾಯಿತು. ಕೈ ಎಷ್ಟು ಬಿಗಿಯಾದರೆ ಕಿವಿ ಅಷ್ಟು ತೆರೆದಿರಬೇಕೆಂಬುದನ್ನು ಸರ್ಕಾರ ಅನುಭವದಿಂದ ಕಲಿಯಿತು. ಕೇಳದ ಕಿವಿಗೆ ಬಿಗಿಯಾದ ಕೈ ಜೊತೆಗೂಡಿದರೆ ತಪ್ಪು ಕಲ್ಲಿನ ಶಾಸನವಾಗುತ್ತದೆ.

ಯಂತ್ರದ ಓದಿಹೇಳುವಿಕೆಗೂ ಒಂದು ಮಿತಿಯಿದೆ. ಗಿಟ್ ತಾನು ತಿಳಿದ ದಿನಾಂಕವನ್ನು ತೋರಿಸುವುದು ಬರೆದವನಿಗೆ. ಆ ಬರಹದಿಂದ ಬಾಧಿತರಾಗುವ ಬೇರೆಯವರು ಆಗ ಅಲ್ಲಿರುವುದಿಲ್ಲ. ಆದುದರಿಂದಲೇ ಒಳ್ಳೆಯ ತಂತ್ರಾಂಶ ತಂಡಗಳಲ್ಲಿ ಒಬ್ಬನ ತಿದ್ದುಪಡಿಯನ್ನು ಮತ್ತೊಬ್ಬನು ಓದಿ ಒಪ್ಪಿದ ಮೇಲೆಯೇ ಎಲ್ಲರ ವಹಿಗೆ ಸೇರಿಸುವ ಪದ್ಧತಿಯಿದೆ. ನಾಡಕಚೇರಿಯಲ್ಲಿಯೂ ಅಷ್ಟೇ. "ಇಬ್ಬರೇ ಮಕ್ಕಳು" ಎಂಬುದನ್ನು ಹೇಳಿದ ತಮ್ಮನಿಗೇ ಓದಿಹೇಳಿದರೆ ಆತ ತಲೆಯಾಡಿಸುತ್ತಾನೆ. ಓದಿಹೇಳಬೇಕಾದದ್ದು ಬೆಂಗಳೂರಿನ ಅಕ್ಕನಿಗೆ.

ಮನೆಯೊಳಗಿನ ವಹಿ

ಈ ವಿವೇಕವನ್ನು ಮನೆಯಲ್ಲಿಯೂ ಪಾಲಿಸಬಹುದು. ತಂದೆತಾಯಿಗಳು "ಹೊಳೆ ಬಂದ ವರ್ಷ" ಎಂದಾಗ ನಗದೆ ಕೇಳಿಸಿಕೊಂಡು, ಅದು ಯಾವ ಇಸವಿಯೆಂದು ಅವರೆದುರಿಗೇ ಲೆಕ್ಕಹಾಕಿ, ಓದಿಹೇಳಿ ಬರೆದಿಡಬಹುದು. ದಿನಾಂಕದಲ್ಲಿ ತಿಂಗಳನ್ನು ಅಂಕಿಯ ಬದಲು ಅಕ್ಷರದಲ್ಲಿ ಬರೆದರೆ ಯಾವ ಯಂತ್ರವೂ ಯಾವ ಮೊಮ್ಮಗನೂ ತಪ್ಪು ತಿಳಿಯುವಂತಿಲ್ಲ. ಸಾಲದ ಪುಸ್ತಕದಲ್ಲಿ ತಪ್ಪಾದರೆ ಮಸಿ ಬಳಿಯದೆ, ಒಂದು ಗೆರೆ ಎಳೆದು, ಕೆಳಗೆ ಸರಿಯಾದುದನ್ನು ಬರೆದು ದಿನಾಂಕ ಹಾಕಬಹುದು. ಹಳೆಯ ಪತ್ರಗಳ ಮೇಲೆ ಏನನ್ನೂ ತಿದ್ದದೆ, ನ್ಯಾಮತಿಯ ಹೊಲದ ನಾಲ್ಕು ವಿಳಾಸಗಳನ್ನು ಬೇರೆ ಹಾಳೆಯಲ್ಲಿ ಕ್ರಮವಾಗಿ ಬರೆದು ಜೊತೆಗಿಡಬಹುದು.

ಊರಿನಲ್ಲಿ ತಂದೆಯ ಹೆಸರಿನ ಜಮೀನುಳ್ಳವರು ಈ ವಾರವೇ ಒಂದು ಪಹಣಿಯನ್ನು ತೆಗೆಸಿ, ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಒಟ್ಟಿಗೆ ಕುಳಿತು, ಒಬ್ಬರು ಗಟ್ಟಿಯಾಗಿ ಓದಿ ಉಳಿದವರು ಕೇಳುವುದು ಒಳ್ಳೆಯದು. ಯಾರ ಹೆಸರು ಬಿಟ್ಟುಹೋಗಿದೆಯೆಂಬುದು ಆಗ ಎಲ್ಲರಿಗೂ ಒಂದೇ ಹೊತ್ತಿಗೆ ತಿಳಿಯುತ್ತದೆ.